ಕಾಲಿಗೆ ಕೇಳುವ ಶ್ರುತಿ

ನಮ್ಮೂರಿನವರು ಸೇತುವೆ ದಾಟುವಾಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಹೊರಗಿನಿಂದ ಬಂದವರು ಇದನ್ನು ಭಕ್ತಿ ಅಂದುಕೊಂಡು ತಾವೂ ಚಪ್ಪಲಿ ಬಿಚ್ಚಿ ಕೈಮುಗಿಯುವುದುಂಟು. ಭಕ್ತಿ ಗಿಕ್ತಿ ಏನೂ ಇಲ್ಲ. ಬರಿಗಾಲಿಗೆ ಗೊತ್ತಾಗುವುದು ಚಪ್ಪಲಿಗೆ ಗೊತ್ತಾಗುವುದಿಲ್ಲ, ಅಷ್ಟೇ. ಊರಿಗೂ ಆಚೆ ದಡಕ್ಕೂ ನಡುವೆ ಒಂದು ಕಮರಿ ಇದೆ, ನೂರಿಪ್ಪತ್ತು ಹೆಜ್ಜೆ ಅಗಲ. ನಾನು ಗಿಟಾರ್ ಬಾರಿಸಲು ಶುರುಮಾಡಿದರೆ ಅದರ ಮೇಲೆ ಸೇತುವೆ ಇರುತ್ತದೆ, ನಿಲ್ಲಿಸಿದರೆ ಇರುವುದಿಲ್ಲ. ಬೆಳಿಗ್ಗೆ ಎಂಟರಿಂದ ಹತ್ತು, ಸಂಜೆ ನಾಲ್ಕರಿಂದ ಆರು. ಶಾಲೆ, ಆಸ್ಪತ್ರೆ, ಸಂತೆ, ಬಸ್ಸು ಎಲ್ಲ ಆಚೆ. ಮನೆ, ಬಾವಿ, ಒಲೆ ಎಲ್ಲ ಈಚೆ. ಸಿಮೆಂಟಿನ ಸೇತುವೆ ಕಟ್ಟಿಸಬಾರದೇ ಎಂದು ಕೇಳಿದವರಿಗೆ ನಮ್ಮವರು, ಕಟ್ಟಿಸಿದ್ದೆವು ಎಂದಷ್ಟೇ ಹೇಳಿ ಮಾತು ಬದಲಿಸುತ್ತಾರೆ.

ನನ್ನ ಹೆಸರು ದಯಾಮಣಿ. ಹತ್ತೊಂಬತ್ತು ವರ್ಷದಿಂದ ಈ ದಡದ ತಗಡಿನ ಚಪ್ಪರದಡಿ ಕೂತು ಬಾರಿಸುತ್ತಿದ್ದೇನೆ. ಸುಮ್ಮನೆ ಬಾರಿಸಿದರೆ ಸಾಲದು, ಶ್ರುತಿಯಲ್ಲಿ ಬಾರಿಸಬೇಕು. ಏನು ಬಾರಿಸುತ್ತೇನೆ ಎನ್ನುವುದು ಯಾರಿಗೂ ಬೇಕಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಬ್ಬರೂ ನಿಂತು, ಚೆನ್ನಾಗಿದೆ ಅಂದವರಿಲ್ಲ. ಆದರೆ ಆರರಲ್ಲಿ ಒಂದು ತಂತಿ ಒಂದಿಷ್ಟು ಇಳಿದರೂ ನಡೆಯುವವರ ಕಾಲಿಗೆ ತಕ್ಷಣ ತಿಳಿಯುತ್ತಿತ್ತು. ಮೊದಲನೆಯದು ಇಳಿದರೆ ಅಂಗಾಲಿಗೆ ಕಚಗುಳಿ. ಎರಡನೆಯದಕ್ಕೆ ಹಿಮ್ಮಡಿ ತಣ್ಣಗಾಗುತ್ತದೆ. ಮೂರನೆಯದು ಇಳಿಯಿತೆಂದರೆ ಹಲಗೆ ನೆನೆದ ಹಿಂಡಿಯ ಹಾಗೆ ಮೆತ್ತಗಾಗುತ್ತದೆ, ಕಾಲು ಒಳಗೆ ಹೋಗುತ್ತದೆ. ದಪ್ಪ ತಂತಿಗಳದ್ದು ಮೊಣಕಾಲಿಗೆ ಗೊತ್ತಾಗುತ್ತದಂತೆ. ನಡು ಸೇತುವೆಯಿಂದಲೇ ಕೂಗಿ ಹೇಳುತ್ತಿದ್ದರು, "ಅಕ್ಕಾ, ಮೂರನೇದು." ತರಕಾರಿ ಮಾರುವ ಚಿಕ್ಕತಾಯಮ್ಮ ಅಷ್ಟಕ್ಕೇ ಬಿಡುತ್ತಿರಲಿಲ್ಲ. "ಏನಕ್ಕ, ಇವತ್ತು ಯಜಮಾನ್ರ ಜೊತೆ ಜಗಳ ಆಡ್ಕೊಂಡು ಬಂದಿದ್ದೀಯಾ, ತಂತಿಯೆಲ್ಲ ಮುನಿಸ್ಕೊಂಡವೆ," ಎನ್ನುವಳು. ನಾನು ಬಲಗೈ ನಿಲ್ಲಿಸದೆ ಎಡಗೈಯನ್ನು ಬಿರಡೆಗೆ ಹಾಕಿ ತಂತಿಯನ್ನು ಏರಿಸುತ್ತಿದ್ದೆ. ಹಲಗೆ ಗಟ್ಟಿಯಾಗುತ್ತಿತ್ತು. ಅವಳು ಬುಟ್ಟಿ ಸರಿಮಾಡಿಕೊಂಡು ಮುಂದೆ ನಡೆಯುತ್ತಿದ್ದಳು.

ಗಿಟಾರಿನಷ್ಟು ಚಂಚಲವಾದ ವಸ್ತು ಇನ್ನೊಂದಿಲ್ಲ. ಬಿಸಿಲಿಗೆ ಇಳಿಯುತ್ತದೆ, ಮೋಡ ಕವಿದರೆ ಏರುತ್ತದೆ, ಹೊಸ ತಂತಿ ಹಾಕಿದರೆ ಎರಡು ದಿನ ಯಾರ ಮಾತೂ ಕೇಳುವುದಿಲ್ಲ. ಅದಕ್ಕೆ ನಾನು ಸೋಮವಾರ ಸಂತೆಗೆ ರಜೆ ಇರುವ ದಿನ ತಂತಿ ಬದಲಿಸಿ, ಒಂದೊಂದನ್ನೂ ಬೆರಳಲ್ಲಿ ಎಳೆದು ಎಳೆದು ಪಳಗಿಸುತ್ತಿದ್ದೆ. ತಂತಿ ಕೂರುವ ಸಂದಿಗೆ ಪೆನ್ಸಿಲಿನ ಪುಡಿ ತುಂಬುತ್ತಿದ್ದೆ, ಜಾರಿ ಸಲೀಸಾಗಿ ಕೂರಲಿ ಎಂದು. ಬಾರಿಸುವ ಅರ್ಧ ಗಂಟೆ ಮೊದಲೇ ಗಿಟಾರನ್ನು ಚಪ್ಪರದಡಿ ತಂದಿಟ್ಟರೆ ಮರ ಅಲ್ಲಿನ ಸೆಕೆಗೆ ಹೊಂದಿಕೊಳ್ಳುತ್ತದೆ. ತಂತಿ ಹೆಚ್ಚು ಏರಿದ್ದರೆ ಅಲ್ಲೇ ಇಳಿಸಿ ಬಿಡಬಾರದು. ಪೂರ್ತಿ ಕೆಳಗೆ ಇಳಿಸಿ ಮತ್ತೆ ಕೆಳಗಿನಿಂದ ಮೇಲಕ್ಕೆ ತರಬೇಕು, ಇಲ್ಲವಾದರೆ ಎರಡು ನಿಮಿಷಕ್ಕೆ ಜಾರುತ್ತದೆ. ಶ್ರುತಿ ತೋರಿಸುವ ಪುಟ್ಟ ಮೆಷಿನ್ನೊಂದನ್ನು ನನ್ನ ಮಗಳು ತಂದುಕೊಟ್ಟಿದ್ದಳು. ಕಮರಿಯ ಹತ್ತಿರ ಅದಕ್ಕೆ ಯಾವಾಗಲೂ ಹಸಿರು ದೀಪವೇ. ಗಿಟಾರನ್ನು ಕೈಯಲ್ಲಿ ಹಿಡಿಯದೇ ಇದ್ದರೂ ಹಸಿರು ದೀಪ.

ನನಗಿಂತ ಮೊದಲು ಬೆಂಜಮಿನ್ ಮೇಷ್ಟ್ರು ಬಾರಿಸುತ್ತಿದ್ದರು. ಅವರ ಕಾಲದಲ್ಲಿ ಒಮ್ಮೆ ತಂತಿ ಹರಿದು, ಪಾತ್ರೆಗೆ ಕಲಾಯಿ ಹಾಕುವ ಅಣ್ಣತಮ್ಮಂದಿರು ಇಬ್ಬರು ಕೆಳಗೆ ಹೋದರು. ಬಿದ್ದ ಸದ್ದು ಕೇಳಲಿಲ್ಲವಂತೆ. ಮೇಷ್ಟ್ರು ಮೂರು ದಿನ ಕಮರಿಯ ಅಂಚಿನಲ್ಲಿ ಕೂತಿದ್ದರಂತೆ, ಸದ್ದು ಬರಬಹುದು ಎಂದು. ಆಮೇಲೆ ಎದ್ದುಬಂದು ಎಂಟು ಗಂಟೆಗೆ ಸರಿಯಾಗಿ ಬಾರಿಸಲು ಶುರುಮಾಡಿದರು. ಮಕ್ಕಳಿಗೆ ಪರೀಕ್ಷೆ ಇತ್ತಂತೆ.

ಎರಡು ವರ್ಷದ ಹಿಂದೆ ನನ್ನ ಎಡಗಿವಿಯಲ್ಲಿ ಕುಕ್ಕರಿನ ಸೀಟಿಯಂಥ ಒಂದು ಸದ್ದು ಬಂದು ಕೂತಿತು. ಕೂತದ್ದು ಏಳಲಿಲ್ಲ. ವರ್ಷ ತುಂಬುವಷ್ಟರಲ್ಲಿ ಆ ಕಿವಿ ಹೋಯಿತು. ಬಲಗಿವಿಯೂ ಮೆಲ್ಲಗೆ ಅದರ ಹಿಂದೆ ಹೊರಟಿತು. ನನಗೆ ಭಯವಾಯಿತು. ಆದರೂ ಯಾರಿಗೂ ಹೇಳಲಿಲ್ಲ, ನನ್ನ ಯಜಮಾನರಾದ ಸ್ಯಾಮುವೆಲ್‌ಗೂ ಹೇಳಲಿಲ್ಲ. ಅವರು ಆಚೆ ದಡದ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವರು. ಮಗಳು ಸುಗುಣಾ ಅಲ್ಲೇ ಆಸ್ಪತ್ರೆಯಲ್ಲಿ ನರ್ಸು. ಅವಳ ಮಗಳು ಪ್ರಿಸ್ಸಿ, ನಾಲ್ಕು ವರ್ಷದವಳು, ಅಲ್ಲೇ ಬಾಲವಾಡಿಗೆ ಹೋಗುತ್ತಿದ್ದಳು. ಮನೆಯ ಮೂವರೂ ದಿನಕ್ಕೆರಡು ಸಲ ನನ್ನ ತಂತಿಯ ಮೇಲೆ ದಾಟುವವರು. ಬೇರೆ ಯಾರಿಗಾದರೂ ಕಲಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕಲಿಸಲು ಹೋಗಿದ್ದೆ. ಮೂವರು ಬಂದಿದ್ದರು, ಮೂವರ ಕೈಯೂ ನನ್ನ ಕೈಗಿಂತ ಚೆನ್ನಾಗಿತ್ತು. ಅವರು ಬಾರಿಸಿದರೆ ಕಮರಿಯ ಮೇಲೆ ಏನೂ ಬರಲಿಲ್ಲ.

ಹಾಗಾಗಿ ಮೋಸಕ್ಕಿಳಿದೆ. ಬೆಳಿಗ್ಗೆ ಮನೆಯಲ್ಲಿ ಬಾಗಿಲು ಹಾಕಿಕೊಂಡು, ಬಲಗಿವಿಯನ್ನು ಗಿಟಾರಿನ ಹೆಗಲಿಗೆ ಒತ್ತಿ ಹಿಡಿದು ಶ್ರುತಿ ಮಾಡುತ್ತಿದ್ದೆ. ಅಷ್ಟು ಹತ್ತಿರದಿಂದ ಇನ್ನೂ ಕೇಳುತ್ತಿತ್ತು. ಸೇತುವೆಯ ಹತ್ತಿರ ಗಾಳಿಯಲ್ಲಿ, ಜನರ ನಡುವೆ, ಬಾರಿಸುತ್ತಲೇ ಅದು ಆಗುವ ಕೆಲಸವಲ್ಲ. ಅಲ್ಲಿ ನಾನು ಜನರ ಕಾಲು ನೋಡಲು ಕಲಿತೆ. ಮೂರನೆಯ ತಂತಿ ಇಳಿದರೆ ಚಿಕ್ಕತಾಯಮ್ಮ ಕೂಗುವ ಮೊದಲೇ ಎಡಗಾಲನ್ನು ಎತ್ತರಕ್ಕೆ ಎತ್ತುತ್ತಿದ್ದಳು. ಎರಡನೆಯದಕ್ಕೆ ಶಾಲೆಯ ಹುಡುಗಿಯರು ತುದಿಗಾಲಲ್ಲಿ ಓಡುತ್ತಿದ್ದರು. ಐದನೆಯದಕ್ಕೆ ಗಂಡಸರು ಸೊಂಟದ ಮೇಲೆ ಕೈಯಿಡುತ್ತಿದ್ದರು. ಅವರ ಕೂಗು ಕೇಳದಿದ್ದರೂ ಕಾಲು ನೋಡಿಯೇ ಸರಿಮಾಡಿಬಿಡುತ್ತಿದ್ದೆ. ಯಾರಿಗೂ ಗೊತ್ತಾಗಿಲ್ಲ ಎಂದುಕೊಂಡಿದ್ದೆ. ಒಮ್ಮೆ ಮಾತ್ರ, ಚಪ್ಪರದ ಪಕ್ಕದಲ್ಲೇ ನಿಂತು ಚಿಕ್ಕತಾಯಮ್ಮ ಮೂರು ಸಲ ಕರೆದಿದ್ದಳಂತೆ. ನಾನು ತಿರುಗಿರಲಿಲ್ಲ. ನಾಲ್ಕನೆಯ ಸಲ ಅವಳು ಭುಜ ಮುಟ್ಟಿ, ನನ್ನ ಮುಖವನ್ನೇ ನೋಡಿ, ಎರಡು ಸೌತೆಕಾಯಿ ಇಟ್ಟು ಹೋದಳು.

ಅದಾದ ಮೇಲೆ ಸ್ವಲ್ಪ ದಿನಕ್ಕೆ ಎಲ್ಲ ಸರಿಹೋಯಿತು. ಯಾರೂ ಎಡವುತ್ತಿರಲಿಲ್ಲ. ಯಾರೂ ಕಾಲು ಎತ್ತರಕ್ಕೆ ಎತ್ತುತ್ತಿರಲಿಲ್ಲ. ಹೆಂಗಸರು, ಮಕ್ಕಳು, ಮುದುಕರು ಎಲ್ಲರೂ ಮನೆಯ ಹಜಾರದಲ್ಲಿ ನಡೆದ ಹಾಗೆ ನಡೆದು, ನನ್ನ ಕಡೆ ನೋಡಿ ನಗುತ್ತಾ ಹೋಗುತ್ತಿದ್ದರು. ನಾಲ್ಕು ತಿಂಗಳು ಹೀಗೇ ನಡೆಯಿತು. ಕಿವಿ ಹೋದರೇನು, ಕೈಗೇ ಶ್ರುತಿ ಹತ್ತಿಬಿಟ್ಟಿದೆ ಎಂದುಕೊಂಡೆ. ಸುಳ್ಳೇಕೆ ಹೇಳಲಿ, ಜಂಬವೂ ಬಂತು. ಒಂದು ದಿನ ಸ್ಯಾಮುವೆಲ್‌ಗೆ, "ನೋಡಿದ್ರಾ, ಈಚೆಗೆ ಬಿರಡೆ ಮುಟ್ಟೋದೇ ಇಲ್ಲ ನಾನು," ಅಂದೆ. ಅವರು ಅನ್ನ ಕಲಸುತ್ತಾ ತಟ್ಟೆಯನ್ನೇ ನೋಡುತ್ತಿದ್ದರು.

ಆ ಗುರುವಾರ ವಿಪರೀತ ಸೆಕೆ. ಬುಧವಾರ ಸಂಜೆ ಬಾರಿಸಿ ಮುಗಿಸಿದ ಮೇಲೆ ಮೂರನೆಯ ತಂತಿ ಹರಿದಿತ್ತು. ಹೊಸದನ್ನು ಹಾಕಿ ಎಷ್ಟು ಎಳೆದರೂ ಅದು ಪಳಗಿರಲಿಲ್ಲ. ನಾಲ್ಕೂವರೆಗೆ ಬಿಸಿಲು ತಗಡಿನ ಅಂಚಿನ ಕೆಳಗೆ ಇಳಿದು ಗಿಟಾರಿನ ಕತ್ತಿಗೆ ಬೀಳತೊಡಗಿತು. ಬಲಗೈ ನಿಲ್ಲಿಸದೆ ಎಡಗೈಯಲ್ಲಿ ಪಕ್ಕದ ಗೋಣಿಯ ಪರದೆ ಇಳಿಬಿಟ್ಟೆ. ತಂತಿ ಜಾರುತ್ತಿದೆ ಎಂದು ಒಳಗೊಳಗೇ ಅನುಮಾನವಿತ್ತು. ಜನರ ಕಾಲು ನೋಡಿದೆ. ಹದಿನೈದು ಜನ ಸೇತುವೆಯ ಮೇಲಿದ್ದರು, ಎಲ್ಲರ ನಡಿಗೆಯೂ ಸರಿಯಾಗಿತ್ತು. ಸಂತೆ ಮುಗಿಸಿಕೊಂಡು ಬರುತ್ತಿದ್ದ ಚಿಕ್ಕತಾಯಮ್ಮ ನಡುವೆ ಇದ್ದಳು. ಮಿಕ್ಕವರು ಆಚೆ ದಡದಲ್ಲಿ ಸಾಲಾಗಿ ನಿಂತಿದ್ದರು. ಆ ಸಾಲಿನಲ್ಲಿ ಸ್ಯಾಮುವೆಲ್, ಸುಗುಣಾ, ಅವರ ಕಾಲ ಬಳಿ ಪ್ರಿಸ್ಸಿಯ ಕೆಂಪು ಫ್ರಾಕು ಕಾಣಿಸುತ್ತಿತ್ತು.

ಚಿಕ್ಕತಾಯಮ್ಮ ಯಾಕೋ ಕುಳ್ಳಗೆ ಕಂಡಳು. ಬಿಸಿಲ ಝಳಕ್ಕೆ ಹಾಗೆ ಕಾಣುತ್ತದೆ ಎಂದುಕೊಂಡೆ. ಅವಳು ನನ್ನ ಕಡೆ ನೋಡಿ ನಕ್ಕಳು, ನಾನೂ ನಕ್ಕೆ. ಇನ್ನೆರಡು ಹೆಜ್ಜೆಗೆ ಅವಳು ಮತ್ತಷ್ಟು ಕುಳ್ಳಗಾದಳು. ಆಗ ನೋಡಿದೆ. ಪಾದ ಕಾಣುತ್ತಿರಲಿಲ್ಲ. ಸೀರೆಯ ಅಂಚು ಹಲಗೆಯೊಳಗೆ ಹೋಗಿತ್ತು. ಅವಳು ಮೊಣಕಾಲಿನವರೆಗೆ ಸೇತುವೆಯೊಳಗೆ ಹೂತುಹೋಗಿದ್ದಳು, ತಲೆಯ ಮೇಲಿನ ಬುಟ್ಟಿ ಅಲುಗದ ಹಾಗೆ ಹಿಡಿದಿದ್ದಳು, ನನ್ನ ಕಡೆಗೇ ನೋಡಿ ನಗುತ್ತಿದ್ದಳು. ನನ್ನ ಎಡಗೈ ಬಿರಡೆಗೆ ಹೋಯಿತು, ಯಾವುದನ್ನು ಎಷ್ಟು ತಿರುಗಿಸಬೇಕು ಎಂದು ತಿಳಿಯಲಿಲ್ಲ. ಅವಳು ಸೊಂಟದವರೆಗೆ ಹೋದಳು. ಆಮೇಲೆ ಪೂರ್ತಿ ಹೋದಳು. ಬುಟ್ಟಿ ಒಂದು ಕ್ಷಣ ಹಲಗೆಯ ಮೇಲೆ ಕೂತಿತ್ತು, ಅದೂ ಹೋಯಿತು. ಸದ್ದು ಬಂತೋ ಇಲ್ಲವೋ ನನಗೆ ಗೊತ್ತಾಗುವ ಹಾಗಿರಲಿಲ್ಲ.

ನಾನು ಬಾರಿಸುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಉಳಿದ ಹದಿನಾಲ್ಕು ಜನವೂ ಹೋಗುತ್ತಿದ್ದರು. ಅವರು ಕಾಲು ಕಿತ್ತುಕೊಂಡು, ಅಂಬೆಗಾಲಿಟ್ಟು, ಕೆಲವರು ಈಚೆಗೆ ಕೆಲವರು ಆಚೆಗೆ ಓಡಿದರು. ಸೇತುವೆ ಖಾಲಿಯಾಯಿತು. ಈ ದಡದಲ್ಲಿ ಸೇತುವೆಯ ಬಾಯಿಗೆ ಅಡ್ಡ ಹಾಕುವ ಬಿದಿರ ಗಳವನ್ನು ಎತ್ತಿ ಇಳಿಸುವ ನಂಜುಂಡಸ್ವಾಮಿ ಓಡಿಬಂದು ನನ್ನ ಪಕ್ಕ ಮಂಡಿಯೂರಿ ಕೂತ. ನಾನು ಬಾರಿಸುತ್ತಲೇ ಅಂದೆ, "ನಂಗೆ ಕಿವಿ ಕೇಳಲ್ಲ ಕಣೋ. ಎರಡು ವರ್ಷ ಆಯ್ತು. ನೀವ್ಯಾಕೆ ಯಾರೂ ತಂತಿ ಇಳಿದದೆ ಅಂತ ತೋರಿಸ್ಲಿಲ್ಲ?"

ಅವನು ನನ್ನ ಬಲಗಿವಿಗೆ ಬಾಯಿ ಹಚ್ಚಿ ಕೂಗಿ ಹೇಳಿದ. "ಗೊತ್ತಕ್ಕ. ಊರಿಗೆಲ್ಲ ಗೊತ್ತು. ಚಿಕ್ಕತಾಯಮ್ಮನೇ ಸಾಮೇಲಣ್ಣಂಗೆ ಹೇಳಿದ್ಲು. ಅಣ್ಣ ಮನೆಮನೆಗೂ ಬಂದು ಕೇಳ್ಕೊಂಡ್ರು, ಅವಳ ಎದುರಿಗೆ ಎಡವಬೇಡ್ರಪ್ಪ, ತನ್ನಿಂದ ಆಗ್ತಿಲ್ಲ ಅಂತ ಗೊತ್ತಾದ್ರೆ ನೊಂದ್ಕೋತಾಳೆ ಅಂತ. ಒಂಚೂರು ಮೆತ್ತಗಿದ್ರೆ ಏನಾಯ್ತು, ಬೆರಳಲ್ಲಿ ಕಚ್ಚಿ ಹಿಡ್ಕೊಂಡು ನಡೆದ್ರಾಯ್ತು ಅಂತ ನಾವೂ ಅಂದ್ವಿ. ಮಕ್ಕಳಿಗೂ ಹೇಳಿಕೊಟ್ವಿ, ಅಕ್ಕನ ಕಡೆ ನೋಡಿ ನಗ್ತಾ ನಡೀರಿ ಅಂತ."

ನಾಲ್ಕು ತಿಂಗಳು. ದಿನಕ್ಕೆರಡು ಸಲ ಇಡೀ ಊರು ಅಂಗಾಲು ಹೂತುಕೊಂಡು, ನಗುತ್ತಾ, ನನ್ನ ಎದುರಿಗೆ ದಾಟಿತ್ತು. ಸಿಟ್ಟು ಬರಬೇಕಿತ್ತು. ಬಂದದ್ದು ಭಯ. ಬಲಗೈ ತಪ್ಪದ ಹಾಗೆ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡೆ.

"ಆಗಿದ್ದು ಆಯ್ತು. ಈಗ ಯಾವ್ಯಾವ್ದು ಎಷ್ಟೆಷ್ಟು ಇಳಿದದೆ ಅಂತ ನೋಡಿ ಹೇಳು," ಅಂದೆ.

ನಂಜುಂಡಸ್ವಾಮಿ ಎದ್ದುಹೋಗಿ ಗಳ ಹಿಡಿದುಕೊಂಡು ಮೊದಲ ಹಲಗೆಯ ಮೇಲೆ ಒಂದು ಕಾಲಿಟ್ಟ. ಕಣ್ಣು ಮುಚ್ಚಿದ. ಬಹಳ ಹೊತ್ತು ಹಾಗೇ ನಿಂತಿದ್ದು, ವಾಪಸು ಬಂದ. "ಗೊತ್ತಾಗ್ತಿಲ್ಲ ಅಕ್ಕ," ಎಂದು ನನ್ನ ಕಿವಿಯಲ್ಲಿ ಕೂಗಿದ. ಇನ್ನೊಬ್ಬ ಹೋಗಿ ನಿಂತು ಮೂರು ಬೆರಳು ತೋರಿಸಿದ, ಮತ್ತೊಬ್ಬಳು ಐದು ತೋರಿಸಿದಳು, ಮೂರನೆಯವನು ಎಲ್ಲ ಸರಿಯಾಗಿದೆ ಎಂದು ತಲೆಯಾಡಿಸಿದ. ಅವನ ಪಾದ ಆಗಲೇ ಹಲಗೆಯೊಳಗೆ ಅರ್ಧ ಹೋಗಿತ್ತು. ಅವರು ಈಗ ಸುಳ್ಳು ಹೇಳುತ್ತಿರಲಿಲ್ಲ. ತಿಳಿಯದ ಹಾಗೆ ನಡೆದು ನಡೆದು ಅವರ ಕಾಲಿಗೆ ನಿಜವಾಗಿಯೂ ತಿಳಿಯದೇ ಹೋಗಿತ್ತು.

ಗಿಟಾರಿನ ಹೆಗಲಿಗೆ ಕಿವಿ ಒತ್ತಿದೆ. ಮರ ನಡುಗುವುದು ಕೆನ್ನೆಗೆ ತಿಳಿಯಿತು, ಸ್ವರ ತಿಳಿಯಲಿಲ್ಲ. "ಆಚೆಯವರು ಇವತ್ತು ಅಲ್ಲೇ ಎಲ್ಲಾದ್ರೂ ಇರ್ಲಿ," ಎಂದು ನಂಜುಂಡಸ್ವಾಮಿ ಮತ್ತೆ ನನ್ನ ಕಿವಿಗೆ ಬಗ್ಗಿ ಕೂಗಿದ. ಇರಲಿ, ನಾಳೆ? ನಾಳೆ ಬೆಳಿಗ್ಗೆಗೆ ಯಾರ ಕಾಲು ಕಲಿತುಬಿಟ್ಟಿರುತ್ತದೆ? ಊರಿಗೆ ಬೇರೆ ದಾರಿಯಿಲ್ಲ. ನಾನು ಇವತ್ತು ನಿಲ್ಲಿಸಿದರೆ ಮತ್ತೆ ಕೂತು ಬಾರಿಸುವ ಧೈರ್ಯ ಬರುವುದಿಲ್ಲ ಎನ್ನುವುದೂ ನನಗೆ ಗೊತ್ತಿತ್ತು.

ಆಚೆ ದಡದಲ್ಲಿ ಸ್ಯಾಮುವೆಲ್ ಸಾಲಿನ ಮುಂದಕ್ಕೆ ಬಂದರು. ದಿನವೂ ಮಾಡುವ ಹಾಗೆ ಪ್ರಿಸ್ಸಿಯನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಅದನ್ನು ನೋಡಿದಾಗ ನನಗೆ ಹೊಳೆಯಿತು. ಹೊಳೆಯದೇ ಇದ್ದಿದ್ದರೆ ಚೆನ್ನಾಗಿತ್ತು. ಆ ಮಗು ಇದುವರೆಗೆ ಸೇತುವೆಯ ಮೇಲೆ ಕಾಲಿಟ್ಟಿರಲಿಲ್ಲ. ದಿನವೂ ತಾತನ ಹೆಗಲ ಮೇಲೇ ದಾಟಿದವಳು. ಇಡೀ ಊರಿನಲ್ಲಿ ನಟಿಸಲು ಕಲಿಯದ ಕಾಲು ಅವಳದ್ದೊಂದೇ.

ಗಲ್ಲ ಮುಂದಕ್ಕೆ ಚಾಚಿ ಮಗುವನ್ನು ತೋರಿಸಿದೆ. ಆಮೇಲೆ ನೆಲ ತೋರಿಸಿದೆ. ಸ್ಯಾಮುವೆಲ್‌ಗೆ ಅರ್ಥವಾಯಿತು. ಬೇಡ ಎಂದು ತಲೆಯಲ್ಲಾಡಿಸಿದರು. ಮತ್ತೆ ತೋರಿಸಿದೆ. ಸುಗುಣಾ ಅವರ ಕೈ ಹಿಡಿದುಕೊಂಡಳು, ಏನೇನೋ ಕೂಗಿದಳು. ನನ್ನನ್ನೇ ಬೈಯುತ್ತಿದ್ದಳು, ಬಾಯಿಯ ಆಕಾರ ನೋಡಿದರೆ ತಿಳಿಯುತ್ತಿತ್ತು. ಬೈಯಲಿ ಎಂದುಕೊಂಡೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ನನ್ನ ಬೆರಳ ತುದಿ ಒಡೆದು ತಂತಿ ಜಿಗುಟಾಗಿತ್ತು. ಕೊನೆಗೆ ಸುಗುಣಾಳೇ ಕುಕ್ಕರುಗಾಲಲ್ಲಿ ಕೂತು ಮಗುವಿನ ಬೂಟು, ಕಾಲುಚೀಲ ಬಿಚ್ಚಿದಳು.

ಸ್ಯಾಮುವೆಲ್ ಮಗುವಿನ ಎರಡೂ ಕೈ ಹಿಡಿದು ಮೊದಲ ಹಲಗೆಯ ಮೇಲೆ ಇಳಿಸಿದರು. ಪ್ರಿಸ್ಸಿ ಕಾಲು ನೋಡಿಕೊಂಡಳು. ಮುಖ ಹಿಂಡಿಹೋಯಿತು, ಬಾಯಿ ತೆರೆಯಿತು. ಅವಳಿಗೆ ಒಂದನೆಯದು ಎರಡನೆಯದು ಎಂದು ಹೇಳಲು ಬರುವುದಿಲ್ಲ, ಅಳಲು ಮಾತ್ರ ಬರುತ್ತದೆ. ನನಗೆ ಅಷ್ಟು ಸಾಕಿತ್ತು. ಮೊದಲನೆಯ ತಂತಿಯನ್ನು ಕೂದಲೆಳೆಯಷ್ಟು ಏರಿಸಿ ಅವಳ ಮುಖ ನೋಡಿದೆ. ಅಳು ಹೆಚ್ಚಾಯಿತು, ವಾಪಸು ತಂದೆ. ಎರಡನೆಯದಕ್ಕೂ ಹಾಗೇ. ಮೂರನೆಯದನ್ನು ಏರಿಸಿದಾಗ ಅವಳು ಬಾಯಿ ಮುಚ್ಚಿ ಬಿಕ್ಕಿದಳು. ಇನ್ನಷ್ಟು ಏರಿಸಿದೆ. ಐದನೆಯದನ್ನೂ ಒಂದಿಷ್ಟು. ಅವಳು ಕಣ್ಣೊರೆಸಿಕೊಂಡು, ಒಂದು ಕಾಲನ್ನು ಎತ್ತಿ ಹಲಗೆಗೆ ಬಡಿದಳು. ಇನ್ನೊಂದು ಸಲ ಬಡಿದಳು. ಮನೆಯಲ್ಲಿ ಹಟ ಮಾಡುವಾಗ ನೆಲಕ್ಕೆ ಬಡಿಯುವ ಹಾಗೆಯೇ. ನಾನು ಬಾ ಎಂದು ತಲೆಯಾಡಿಸಿದೆ.

ಅವರಿಬ್ಬರೇ ಹೊರಟರು, ಕೈ ಕೈ ಹಿಡಿದುಕೊಂಡು. ಮಗುವಿನ ಹೆಜ್ಜೆ ಪುಟ್ಟದು, ನೂರಿಪ್ಪತ್ತು ಇದ್ದದ್ದು ಮುನ್ನೂರಾಗುತ್ತದೆ. ನಾನು ಅವಳ ಮುಖದಿಂದ ಕಣ್ಣು ಕೀಳಲಿಲ್ಲ. ಕಾಲು ಭಾಗ ಬಂದಾಗ ಹುಬ್ಬು ಗಂಟಿಕ್ಕಿತು, ಮೂರನೆಯದನ್ನು ಏರಿಸಿದೆ, ಗಂಟು ಬಿಟ್ಟಿತು. ಚಿಕ್ಕತಾಯಮ್ಮ ಹೋದ ಜಾಗ ಬಂತು. ಸ್ಯಾಮುವೆಲ್ ಅದನ್ನು ಬಳಸಿ ನಡೆದರು. ಅಲ್ಲಿ ಪ್ರಿಸ್ಸಿ ತಲೆಯೆತ್ತಿ ನೋಡಿದಳು. ಚಪ್ಪರದಡಿ ಕೂತ ನಾನು ಅವಳ ಕಣ್ಣಿಗೆ ಬಿದ್ದೆ. ಅವಳು ನನ್ನ ಕಡೆ ನೋಡಿ ನಕ್ಕಳು.

ನಾಲ್ಕು ತಿಂಗಳು ತಾತನ ಹೆಗಲ ಮೇಲೆ ಕೂತು ಅವಳು ಏನು ನೋಡಿದ್ದಳು? ಸೇತುವೆ ದಾಟುವವರೆಲ್ಲ ಅಜ್ಜಿಯ ಕಡೆ ನೋಡಿ ನಗುವುದನ್ನು. ದಾಟುವಾಗ ಹಾಗೆ ಮಾಡಬೇಕು ಎಂದು ಯಾರೂ ಹೇಳಿಕೊಡದೆಯೇ ಕಲಿತಿರಬಹುದು. ಅದು ಖುಷಿಯ ನಗುವೋ, ಚಿಕ್ಕತಾಯಮ್ಮನ ನಗುವೋ ನನಗೆ ತಿಳಿಯಲಿಲ್ಲ. ಹಲಗೆಯ ಮೇಲಿನ ಬಿಸಿಲ ಝಳದಲ್ಲಿ ಫ್ರಾಕಿನ ಕೆಳಗೆ ಅವಳ ಪಾದ ಕಾಣುತ್ತಿರಲಿಲ್ಲ. ತಂತಿ ಸರಿಯಿದೆಯೋ, ಜಾರುತ್ತಿದೆಯೋ. ಏರಿಸಬೇಕೋ, ಬಿಡಬೇಕೋ. ಅವಳು ನಗುತ್ತಲೇ ಇದ್ದಳು.

ತಿಳಿದುಕೊಳ್ಳಲು ಒಂದೇ ದಾರಿ ಇತ್ತು. ನಾನು ಮೂರನೆಯ ಬಿರಡೆಯನ್ನು ಹಿಡಿದು, ಬೇಕೆಂದೇ, ತಂತಿಯನ್ನು ಇಳಿಸಿದೆ. ನನ್ನ ಗಂಡ, ನನ್ನ ಮೊಮ್ಮಗಳು ಕಮರಿಯ ನಟ್ಟನಡುವೆ ಇದ್ದಾಗ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ನಾನೇ ಇಳಿಸಿದೆ.

ಸ್ಯಾಮುವೆಲ್‌ ಮುಖದಲ್ಲಿ ಏನೂ ಬದಲಾಗಲಿಲ್ಲ. ಪ್ರಿಸ್ಸಿಯ ನಗು ಒಂದು ಕ್ಷಣ ಹಾಗೇ ಇತ್ತು. ಆಮೇಲೆ ತುಟಿ ಸೊಟ್ಟಗಾಯಿತು, ಕಣ್ಣು ಮುಚ್ಚಿದವು, ಬಾಯಿ ಅಗಲವಾಗಿ ತೆರೆಯಿತು. ಮಗು ಅಷ್ಟು ಜೋರಾಗಿ ಅಳುವುದನ್ನು ನೋಡಿ ನನ್ನಷ್ಟು ಸಮಾಧಾನಪಟ್ಟ ಅಜ್ಜಿ ಇನ್ನೊಬ್ಬಳು ಇರಲಿಕ್ಕಿಲ್ಲ. ತಂತಿಯನ್ನು ಕೆಳಗಿನಿಂದ ಮೇಲಕ್ಕೆ ತಂದೆ, ಅವಳು ಬಾಯಿ ಮುಚ್ಚುವವರೆಗೆ ತಂದೆ. ಅಲ್ಲಿಂದ ಮುಂದೆ ಅವಳು ನನ್ನ ಕಡೆ ನೋಡಿ ನಗಲಿಲ್ಲ. ಹತ್ತು ಹೆಜ್ಜೆಗೊಮ್ಮೆ ಹುಬ್ಬು ಗಂಟಿಕ್ಕುತ್ತಾ, ನಾನು ಏರಿಸುತ್ತಾ, ಇಬ್ಬರೂ ಈ ದಡಕ್ಕೆ ಬಂದು ಸೇರಿದರು.

ಮಗುವನ್ನು ಎದೆಗೊತ್ತಿಕೊಳ್ಳಬೇಕು ಎನಿಸಿತು. ಎರಡೂ ಕೈ ತಂತಿಯ ಮೇಲಿದ್ದವು. ಅವಳೂ ನನ್ನ ಹತ್ತಿರ ಬರಲಿಲ್ಲ, ತಾತನ ಕಾಲ ಹಿಂದೆ ಹೋಗಿ ನಿಂತಳು. ಸ್ಯಾಮುವೆಲ್ ಬಗ್ಗಿ ನನ್ನ ಬಲಗಿವಿಗೆ, "ನಿಲ್ಲಿಸ್ಬೇಡ ದಯಾ," ಅಂದರು. ಕಮರಿಯ ಆಚೆ ಸುಗುಣಾ, ಅವಳ ಹಿಂದೆ ಮೂವತ್ತು ಜನ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು. ಸ್ಯಾಮುವೆಲ್ ಮಗುವಿನ ಮೂಗು ಒರೆಸಿದರು. ಭುಜ ಹಿಡಿದು ತಿರುಗಿಸಿ ಅವಳನ್ನು ಮತ್ತೆ ಮೊದಲ ಹಲಗೆಯ ಮೇಲೆ ನಿಲ್ಲಿಸಿದರು.